ಮರ ಕರಗಿಸಿದ ಅಂಟು ಮತ್ತು ಒಂದು ಬಚ್ಚಲ ಬಾಗಿಲು

ಮಲೆನಾಡಿನಲ್ಲಿ ಬಾಗಿಲು ಮಾಡುವವನ ಮಾನ ಹೆಬ್ಬಾಗಿಲಿನಲ್ಲಿಲ್ಲ, ಬಚ್ಚಲುಮನೆಯ ಬಾಗಿಲಿನಲ್ಲಿದೆ. ಹೆಬ್ಬಾಗಿಲಿಗೆ ಮಾಡಿನ ರಕ್ಷಣೆ ಇದೆ, ಹಬ್ಬಕ್ಕೊಮ್ಮೆ ಎಣ್ಣೆಯೂ ಸಿಗುತ್ತದೆ. ಬಚ್ಚಲ ಬಾಗಿಲಿಗೆ ಹೊರಗಿನಿಂದ ಮಳೆಯ ಇರಚಲು, ಒಳಗಿನಿಂದ ಹಂಡೆಯ ಹಬೆ, ಕೆಳಗಿನಿಂದ ಚೆಲ್ಲಿದ ನೀರು. ಅದನ್ನು ತೆಗೆದು ಹಾಕುವವರ ಕೈ ಕೂಡ ಯಾವಾಗಲೂ ಒದ್ದೆಯೇ. ಇದನ್ನು ನನಗೆ ಹೇಳಿದವನು ನನ್ನ ಅಣ್ಣ. ಹೇಳಿದ ದಿನ ಅವನ ಮುಖ ನೋಡುವ ಹಾಗಿರಲಿಲ್ಲ.

ಅಣ್ಣನದು ಆನಂದಪುರದ ಹತ್ತಿರ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ತಗಡು ಹೊದೆಸಿದ ಒಂದು ಶೆಡ್ಡು. ಅಲ್ಲೊಂದು ಬಿಸಿ ಪ್ರೆಸ್ಸು, ಒಂದು ಗರಗಸ, ಇಬ್ಬರು ಮೂವರು ಕೆಲಸದವರು. ಅಕೇಶಿಯ, ಸಿಲ್ವರ್ ಓಕ್ ಮರಗಳ ತೆಳು ಹಾಳೆಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದು ಜೋಡಿಸಿ, ಪ್ರೆಸ್ಸಿನಲ್ಲಿ ಒತ್ತಿ ಪ್ಲೈವುಡ್ ಬಾಗಿಲು ಮಾಡುತ್ತಾನೆ. ನಮ್ಮಪ್ಪ ಹೊಸನಗರದ ಕಡೆ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು. ಜಮೀನು ನಮ್ಮದಾದ ಮೇಲೆ ಕಬ್ಬು ಹಾಕಿ ಆಲೆಮನೆ ನಡೆಸಿದರು. ಅಣ್ಣ ಕಲಿತದ್ದು ಬೆಲ್ಲದ ಕೊಪ್ಪರಿಗೆಯ ಮುಂದೆ, ನಾನು ಕಲಿತದ್ದು ಶಾಲೆಯಲ್ಲಿ. ಮುಂದೆ ಸಾಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡು, ಮಕ್ಕಳನ್ನು ಬೈದುಕೊಂಡು, ನಿವೃತ್ತಳಾದೆ. ಬೈಗುಳ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ ಎಂದು ಅಣ್ಣ ಹೇಳುತ್ತಾನೆ. ಹೇಳಲಿ.

ಆ ದಿನ ಆದದ್ದು ಇಷ್ಟು. ತೀರ್ಥಹಳ್ಳಿ ಕಡೆ ಯಾರಿಗೋ ಬಾಗಿಲು ತಲುಪಿಸಿ ಬರುವಾಗ ಅಣ್ಣ ಕವಲೇದುರ್ಗದ ಬುಡದ ಒಂದು ಮನೆಗೆ ಹೋಗಿದ್ದ. ಮಗ, ಸೊಸೆ, ಮೊಮ್ಮಕ್ಕಳು ಎಂದು ತುಂಬಿದ ಮನೆ. ಆದರೆ ಯಜಮಾನಿಕೆ ಪೂರಾ ಹಿರಿಯ ಹೆಂಗಸಿನದು. ಊರವರೆಲ್ಲ ಅವರನ್ನು ಅಮ್ಮ ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಅವರು ಅಣ್ಣನ ಹತ್ತಿರ ಬಚ್ಚಲಿಗೊಂದು ಬಾಗಿಲು ಮಾಡಿಸಿದ್ದರು. ಕೈಕಾಲು ತೊಳೆಯಲು ಮನೆಯ ಹಿಂದಕ್ಕೆ ಹೋದವನಿಗೆ ಆ ಬಾಗಿಲು ಕಣ್ಣಿಗೆ ಬಿತ್ತು. ಪದರಗಳು ಒಂದನ್ನೊಂದು ಬಿಟ್ಟು ಈರುಳ್ಳಿಯ ಸಿಪ್ಪೆಯ ಹಾಗೆ ಎದ್ದಿದ್ದವು. ಬಿದ್ದುಹೋಗದಿರಲಿ ಎಂದು ಅದಕ್ಕೆ ಅಡ್ಡಲಾಗಿ ಮೂರು ಸುತ್ತು ಕತ್ತದ ಹಗ್ಗ ಬಿಗಿದಿದ್ದರು.

"ನಂಗೊಂದು ಮಾತು ಹೇಳಿ ಕಳ್ಸೋದಲ್ವಾ ಅಮ್ಮ?" ಎಂದು ಅಣ್ಣ ಕೇಳಿದನಂತೆ.

"ಎಂಥ ಹೇಳೋದು ಮಾರಾಯ ಅದ್ರಾಗೆ? ಹಗ್ಗ ಕಟ್ಟಿದೀವಲ್ಲ, ನಿಂತ್ಕಂಡದೆ. ನೀ ಕಾಫಿ ಕುಡಿ, ಆರಿಹೋಗ್ತದೆ" ಎಂದರಂತೆ ಅವರು.

ಬೈದಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದ. ನನ್ನ ಜೊತೆ ಬೆಳೆದವನಿಗೆ ಬೈಗುಳ ಹೊಸದಲ್ಲ. ಆದರೆ ಆ ಕಡೆಯ ಜನ ದೂರುವುದಿಲ್ಲ. ಕಾಫಿ ಕೊಡುತ್ತಾರೆ, ಊಟಕ್ಕೆ ಏಳಿ ಎನ್ನುತ್ತಾರೆ, ಮುಂದಿನ ಸಲ ಬಾಗಿಲು ಬೇಕಾದಾಗ ಬೇರೆಯವರ ಹತ್ತಿರ ಹೋಗುತ್ತಾರೆ. ಅವನು ಆ ಕಾಫಿ ಕುಡಿದು ನೇರವಾಗಿ ಸಾಗರದ ನನ್ನ ಮನೆಗೆ ಬಂದು ಜಗಲಿಯಲ್ಲಿ ಕುಳಿತ.

"ಕರಾವಳಿ ಕಡೆಯೋರು ಒಬ್ರು ಪ್ರೆಸ್ ಕೇಳ್ತಾ ಇದಾರೆ. ಕೊಟ್ಟು ಕೈ ತೊಳ್ಕಂತೀನಿ. ಹಗ್ಗ ಕಟ್ಟೋ ಬಾಗ್ಲು ಮಾಡಕ್ಕೆ ನಾನ್ಯಾಕೆ ಬೇಕು?"

ನನಗೆ ಸಿಟ್ಟು ಬಂತು. ಅಮ್ಮನ ಮೇಲಲ್ಲ, ಅಣ್ಣನ ಮೇಲೂ ಅಲ್ಲ, ಅವನು ಬಳಸುತ್ತಿದ್ದ ಆ ಬಿಳಿ ಪುಡಿಯ ಅಂಟಿನ ಮೇಲೆ. ಅದು ಒಣ ಊರಿನ ಅಂಟು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ನಮ್ಮ ಮೂರು ತಾಲ್ಲೂಕುಗಳ ಮಳೆಗೆ ಅದನ್ನು ಹಚ್ಚುವುದೆಂದರೆ ಉಪ್ಪಿನ ಗೊಂಬೆಯನ್ನು ಹೊಳೆಗೆ ಇಳಿಸಿದಂತೆ. ನೀರಿಗೆ ಹೆದರದ ಕಂದು ಬಣ್ಣದ ಅಂಟು ಬೇರೆ ಇದೆ. ಅದು ಫೀನಾಲ್ ಎಂಬ ರಾಸಾಯನಿಕದಿಂದ ಆಗುವುದು. ಆದರೆ ಅದನ್ನು ಮಾರುವವರಿಗೆ ಲಾರಿಗಟ್ಟಲೆ ಕೊಳ್ಳುವ ಕಾರ್ಖಾನೆಗಳು ಬೇಕು, ಆನಂದಪುರದ ತಗಡಿನ ಶೆಡ್ಡು ಅವರ ಕಣ್ಣಿಗೆ ಕಾಣುವುದಿಲ್ಲ.

"ನಾನು ಮಾಡಿ ಕೊಡ್ತೀನಿ" ಎಂದೆ. ಹೇಳಿದ ಮೇಲೆ ನನಗೇ ದಿಗಿಲಾಯಿತು.

"ಎಂತದ್ರಿಂದ ಮಾಡ್ತೀಯ?"

"ನಿನ್ನ ಶೆಡ್ ಹಿಂದೆ ಗುಡ್ಡ ಬಿದ್ದಿದ್ಯಲ್ಲ, ಆ ಮರದ ಹೊಟ್ಟಿನಿಂದ."

ಹೊಟ್ಟಿನಿಂದ ಬಚ್ಚಲ ಒಲೆ ಉರಿಸಬಹುದೆಂದು ಅವನಿಗೆ ಗೊತ್ತಿತ್ತು, ಅಂಟು ಮಾಡಬಹುದೆಂದು ಗೊತ್ತಿರಲಿಲ್ಲ. ನನಗೂ ಪುಸ್ತಕದಲ್ಲಿ ಓದಿ ಮಾತ್ರ ಗೊತ್ತಿತ್ತು. ಮರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲೂ ಕರಗುವುದಿಲ್ಲ. ಆದರೆ ಅದರ ಒಳಗಿನ ಕಟ್ಟನ್ನು ಸಡಿಲಿಸಿ ಸ್ವಭಾವವನ್ನೇ ಬದಲಿಸಿದರೆ ಫೀನಾಲಿನಲ್ಲಿ ಕರಗಿಹೋಗುತ್ತದೆ. ಆ ಕರಗಿದ ಮರವನ್ನೇ ಅಂಟು ಮಾಡಿ ಮರಕ್ಕೆ ಹಚ್ಚಬಹುದು. ಇದನ್ನು ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ, ಮಕ್ಕಳು ವರ್ಷವೂ ಆಕಳಿಸುತ್ತಿದ್ದರು.

ಅಲ್ಲಿಯೇ ಜಗಲಿಯಲ್ಲಿ ನಾವು ಒಂದು ಮಾತಿಗೆ ಬಂದೆವು. ಹೊಸ ಅಂಟಿನಿಂದ ಒಂದೇ ಒಂದು ಬಾಗಿಲು. ಅದೂ ಕವಲೇದುರ್ಗದ ಅಮ್ಮನ ಬಚ್ಚಲಿಗೆ. ಒಂದು ಮಳೆಗಾಲ ಅದು ನಿಂತರೆ ಪ್ರೆಸ್ಸು ಉಳಿಯುತ್ತದೆ. ಬಿಚ್ಚಿಕೊಂಡರೆ ಪ್ರೆಸ್ಸು ಘಟ್ಟ ಇಳಿಯುತ್ತದೆ. ಕೊಳ್ಳುವವರಿಗೆ ಅಣ್ಣ ಮುಂದಿನ ದೀಪಾವಳಿಗೆ ಉತ್ತರ ಹೇಳುತ್ತೇನೆಂದು ಫೋನು ಮಾಡಿದ. ಅವನು ಮಾತು ಕೊಟ್ಟರೆ ಮುಗಿಯಿತು, ಆ ಮೇಲೆ ದೇವರು ಬಂದು ಹೇಳಿದರೂ ಹಿಂದೆ ತೆಗೆಯುವುದಿಲ್ಲ. ಅದೇ ನನಗೆ ಹೆದರಿಕೆ. ಮೂವತ್ತು ವರ್ಷ ಆ ಪ್ರೆಸ್ಸಿನ ಮುಂದೆ ನಿಂತವನು ಅದಿಲ್ಲದೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ ಎಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದೆವು. ಶೆಡ್ಡಿನ ಹೊರಗೆ, ಗಾಳಿಯಾಡುವ ಕಡೆ, ಮುಚ್ಚಳವಿರುವ ಒಂದು ಸ್ಟೀಲಿನ ಪಾತ್ರೆ. ಹೊಟ್ಟನ್ನು ಒಣಗಿಸಿ, ಜರಡಿ ಹಿಡಿದು, ರಾಗಿ ಹಿಟ್ಟಿನಷ್ಟು ನುಣ್ಣಗೆ ಮಾಡಿದೆವು. ಫೀನಾಲನ್ನು ಕರಗಿಸಿ, ಅದಕ್ಕೆ ಹೊಟ್ಟು ಸೇರಿಸಿ, ತುಸುವೇ ಆಮ್ಲ ಹಾಕಿ, ನೀರು ಕುದಿಯುವುದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಫೀನಾಲೆಂದರೆ ಪನ್ನೀರಲ್ಲ. ಚರ್ಮಕ್ಕೆ ತಾಗಿದರೆ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಸುಡುತ್ತದೆ. ಅಣ್ಣನಿಗೆ ಕೈಗವಸು ಹಾಕಿಸುವುದೇ ಒಂದು ಯುದ್ಧ. "ಬೆಲ್ಲದ ಕೊಪ್ಪರಿಗೆಗೆ ಕೈಗವಸು ಹಾಕಿದ್ನಾ ನಮ್ಮಪ್ಪ?" ಎನ್ನುತ್ತಿದ್ದ. "ನಮ್ಮಪ್ಪ ಫೀನಾಲಲ್ಲಿ ಬೆಲ್ಲ ಮಾಡ್ಲಿಲ್ಲ" ಎಂದು ನಾನು ಗದರಿಸುತ್ತಿದ್ದೆ. ಗವಸು ಹಾಕದೆ ಪಾತ್ರೆಯ ಹತ್ತಿರ ಬಂದರೆ ಬಡಿಗೆ ತೆಗೆದುಕೊಳ್ಳುತ್ತಿದ್ದೆ, ಸುಳ್ಳಲ್ಲ.

ಮೊದಲ ಸಲ ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ನೋಡಿದೆವು. ಮರ ಇರಲಿಲ್ಲ. ಹಾಕಿದ ಅಷ್ಟೂ ಹೊಟ್ಟು ಕಪ್ಪು ಪಾಕವಾಗಿ ಕೋಲಿನಿಂದ ಇಳಿಯುತ್ತಿತ್ತು, ತಳದಲ್ಲಿ ಒಂದು ಹಿಡಿ ಕರಗದ ನುಚ್ಚು ಬಿಟ್ಟರೆ. ಮರ ಕೊಯ್ದು, ಸೀಳಿ, ಉಜ್ಜಿ ಬದುಕಿದವನಿಗೆ ಮರ ಹರಿಯುವುದನ್ನು ನೋಡಿ ಏನೋ ಆಯಿತು. ತಲೆಗೆ ಸುತ್ತಿದ್ದ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದು ಅಕೇಶಿಯನಾ?" ಎಂದ.

"ಅಕೇಶಿಯನೇ."

"ಎಂತ ಕತೆ ಮಾರಾಯ್ತಿ" ಎಂದು ಮತ್ತೆ ಟವಲು ಸುತ್ತಿಕೊಂಡ.

ಇನ್ನು ಆ ಪಾಕಕ್ಕೆ ಕ್ಷಾರ ಹಾಕಿ, ಫಾರ್ಮಲಿನ್ ಸೇರಿಸಿ, ಹದವಾದ ಬಿಸಿಯಲ್ಲಿ ಕಾಯಿಸಬೇಕು. ನಿಧಾನವಾಗಿ ಗಟ್ಟಿಯಾಗುತ್ತ ಬರುತ್ತದೆ. ಸರಿಯಾದ ಹೊತ್ತಿಗೆ ಬೆಂಕಿ ತೆಗೆದು ತಣಿಸಿದರೆ ಅಂಟು, ತಡಮಾಡಿದರೆ ಕಲ್ಲು. ಆ ಹೊತ್ತು ತಿಳಿಯಲು ನನ್ನ ಹತ್ತಿರ ತಳದಲ್ಲಿ ತೂತಿರುವ ಒಂದು ಲೋಟ ಮತ್ತು ಸ್ಟಾಪ್‌ವಾಚು ಇದ್ದವು. ಪಾಕ ತುಂಬಿದ ಲೋಟ ಖಾಲಿಯಾಗಲು ಎಷ್ಟು ಹೊತ್ತು ಬೇಕೋ ಅದೇ ಅಳತೆ. ಅಣ್ಣನ ಹತ್ತಿರ ಒಂದು ಕೋಲು ಮತ್ತು ತಣ್ಣೀರು ತುಂಬಿದ ತಟ್ಟೆ ಇದ್ದವು. ಕೋಲಿನಿಂದ ಒಂದು ಹನಿ ತಟ್ಟೆಗೆ ಬಿಟ್ಟು, ಅದು ನೀರಿನಲ್ಲಿ ಹೇಗೆ ನಿಲ್ಲುತ್ತದೆಂದು ಬಗ್ಗಿ ನೋಡುತ್ತಿದ್ದ. ಆಲೆಮನೆಯಲ್ಲಿ ಅಪ್ಪ ಬೆಲ್ಲದ ಪಾಕ ನೋಡುತ್ತಿದ್ದದ್ದು ಹಾಗೆಯೇ. ತೆಳುವಾಗಿ ಇಳಿಸಿದರೆ ಜೋನಿ ಬೆಲ್ಲ, ಗಟ್ಟಿಯಾಗಿ ಇಳಿಸಿದರೆ ಅಚ್ಚು ಬೆಲ್ಲ.

"ಬೆಂಕಿ ತೆಗಿ" ಎಂದ ಒಂದು ಸಲ. "ಜೋನಿ ಬೆಲ್ಲಕ್ಕಿಂತ ಒಂದು ಕೂದಲು ಮುಂದೆ ಹೋಗ್ಯದೆ. ಇನ್ನು ಬಿಟ್ರೆ ಅಚ್ಚಿಗೆ ಬರ್ತದೆ."

"ಲೋಟ ಇನ್ನೂ ಹೇಳ್ತಿಲ್ಲ" ಎಂದೆ.

"ಲೋಟ ಹೇಳೋ ಹೊತ್ತಿಗೆ ನೀನು ಉಳಿ ಹಿಡ್ಕಂಡಿರ್ತೀಯ."

ಹಾಗೆಯೇ ಆಯಿತು. ಲೋಟದ ಮಾತು ಕೇಳಿದೆ. ಅಂಟು ಪಾತ್ರೆಯಲ್ಲೇ ರಬ್ಬರಾಗಿ, ಆಮೇಲೆ ಕಲ್ಲಾಗಿ ಕುಳಿತುಕೊಂಡಿತು. ಎರಡು ದಿನ ಉಳಿ, ಸುತ್ತಿಗೆ ಹಿಡಿದು ಕೆತ್ತಿದೆ. ನಾನು ಹೇಳಿರಲಿಲ್ವಾ ಎನ್ನದೆ ಅಣ್ಣ ಹೊಸ ಉಳಿ ತಂದುಕೊಟ್ಟ. ಅವನ ಅಂಥ ಒಳ್ಳೆಯತನ ನನಗೆ ಸಹಿಸಲು ಆಗುವುದಿಲ್ಲ. ಅವತ್ತಿನಿಂದ ಪಾಕ ನೋಡುವ ಕೆಲಸ ಅವನದು, ಲೆಕ್ಕ ಬರೆಯುವುದು ನನ್ನದು ಎಂದು ಹಂಚಿಕೊಂಡೆವು.

ಅಂಟು ಆಯಿತು. ಹಾಳೆಗಳಿಗೆ ಹಚ್ಚಿ ಒತ್ತಿದ್ದೂ ಆಯಿತು. ಇನ್ನು ಪರೀಕ್ಷೆ. ನೀರಿಗೆ ನಿಲ್ಲುವ ಪ್ಲೈವುಡ್ಡನ್ನು ಪರೀಕ್ಷಿಸುವ ಕ್ರಮ ಸುಲಭದ್ದು. ಸಣ್ಣ ಪಟ್ಟಿಗಳಾಗಿ ಕೊಯ್ದು ದಿನಗಟ್ಟಲೆ ನೀರಿನಲ್ಲಿ ಕುದಿಸುವುದು, ಆಮೇಲೆ ಪದರಗಳ ನಡುವೆ ಚಾಕು ಹೊಗಿಸಿ ಮೀಟುವುದು. ಪದರ ನುಣ್ಣಗೆ ಬಿಟ್ಟುಕೊಂಡರೆ ಅಂಟು ಸೋತಿತು. ಅಂಟು ಬಿಡದೆ ಮರವೇ ನಾರು ನಾರಾಗಿ ಹರಿದರೆ ಅಂಟು ಗೆದ್ದಿತು. ಮರ ಹರಿಯಬೇಕು, ಅಂಟು ಬಿಡಬಾರದು, ಇಷ್ಟೇ.

ಕುದಿಸುವುದಕ್ಕೆ ಹಂಡೆ ಬೇಕಲ್ಲ. ಅಣ್ಣನ ಮನೆ ಬಚ್ಚಲಲ್ಲಿ ಹಂಡೆ ದಿನವಿಡೀ ಕಾದಿರುತ್ತದೆ. ಆದರೆ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. "ನಾವು ಮೈಮೇಲೆ ಹುಯ್ಕಳೋ ನೀರಿಗೆ ನಿಮ್ಮ ಆಸ್ಪತ್ರೆ ವಾಸನೆ ತುಂಡು ಹಾಕ್ಬೇಡಿ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಪಕ್ಕದ ತೋಟದ ಮನೆಯಾಕೆಯ ಹತ್ತಿರ ಅಡಿಕೆ ಬೇಯಿಸುವ ದೊಡ್ಡ ತಾಮ್ರದ ಹಂಡೆ ಇತ್ತು. ಕೊಯ್ಲು ಮುಗಿದಿದ್ದರಿಂದ ಖಾಲಿ ಕುಳಿತಿತ್ತು. ಕೇಳಿದೆವು, ಕೊಟ್ಟರು.

ಪಟ್ಟಿಗಳನ್ನು ದಾರದಲ್ಲಿ ಕಟ್ಟಿ ಆ ಹಂಡೆಗೆ ಇಳಿಬಿಟ್ಟೆವು. ಅರ್ಧ ದಿನದಲ್ಲಿ ನೀರು ಕೆಂಪಾಯಿತು. ಸಂಜೆಯ ಹೊತ್ತಿಗೆ ಕೆಂಗಂದು. ಅಂಟು ಕರಗಿ ನೀರಿಗೆ ಬರುತ್ತಿದೆ ಎಂದರೆ ಪದರ ಬಿಟ್ಟ ಹಾಗೆಯೇ. ಚಾಕು ಹಾಕಿ ನೋಡುವ ತಾಳ್ಮೆಯೂ ನನಗಿರಲಿಲ್ಲ. ಪಟ್ಟಿಗಳನ್ನು ದಾರದ ಸಮೇತ ಎಳೆದು ಹೊಟ್ಟಿನ ಗುಡ್ಡೆಗೆ ಎಸೆದೆ, ಉಳಿದ ಅಂಟನ್ನೂ ಬೇಡ ಎಂದೆ.

ಆಮೇಲೆ ಎರಡು ತಿಂಗಳು ನಾನು ಮಾಡದ ಕಸರತ್ತಿಲ್ಲ. ಫಾರ್ಮಲಿನ್ ಹೆಚ್ಚು ಮಾಡಿದೆ, ನೀರು ಕೆಂಪು. ಹೊಟ್ಟು ಕಡಿಮೆ ಮಾಡಿದೆ, ಕೆಂಪು. ಪ್ರೆಸ್ಸಿನ ಬಿಸಿ ಏರಿಸಿದೆ, ಅದೇ ಕೆಂಪು. ಅಣ್ಣ ಪ್ರತಿ ಸಲವೂ ಪಾಕ ನೋಡಿ, ಒತ್ತಿ, ಕೊಯ್ದು ಕೊಡುತ್ತಿದ್ದ. ನಾನು ಹಂಡೆಗೆ ಬಗ್ಗಿ ನೋಡಿ ಎಸೆಯುತ್ತಿದ್ದೆ. ಕೊನೆ ಕೊನೆಗೆ ಅವನು ಪ್ರೆಸ್ಸನ್ನು ಒರೆಸುವುದು ಹೆಚ್ಚಾಯಿತು. ಮಾರುವ ಎತ್ತಿನ ಮೈ ತಿಕ್ಕುವ ಹಾಗೆ ಒರೆಸುತ್ತಿದ್ದ. ನಾನು ಅದನ್ನು ನೋಡಬಾರದೆಂದು ಬೇರೆ ಕಡೆ ಮುಖ ಮಾಡಿ ಕುಳಿತಿರುತ್ತಿದ್ದೆ.

ಒಂದು ದಿನ ಪಕ್ಕದ ಮನೆಯಾಕೆ ಹಂಡೆ ಕೇಳಿಕೊಂಡು ಬಂದರು. ಅವರ ಮನೆಯಲ್ಲಿ ಉಪನಯನ, ನೆಂಟರ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು. ನಾನು ಹಂಡೆಯಲ್ಲಿದ್ದ ಕೆಂಪು ನೀರು ಚೆಲ್ಲುವಾಗ ಅವರು ತಮ್ಮ ಮನೆಮಾತಿನಲ್ಲಿ ಹೇಳಿದರು:

"ಮೊದ್ಲು ಹುಣಸೆಹಣ್ಣು ಹಾಕಿ ತಿಕ್ಕವು. ಇಲ್ದಿದ್ರೆ ನೆಂಟ್ರೆಲ್ಲ ಕೆಂಪು ನೀರಲ್ಲಿ ಮಿಂದ್ಕಂಡು ಹೋಗ್ತ."

"ಯಾಕೆ ಕೆಂಪು?" ಎಂದು ಕೇಳಿದೆ.

ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. "ಚೊಗರು ಅಲ್ದಾ? ಎಂಗಳ ಅತ್ತೆ ಕಾಲದಿಂದ ಅಡಿಕೆ ಬೇಯಿಸಿದ ಹಂಡೆ ಇದು. ಬರೀ ನೀರು ಕಾಸಿದ್ರೂ ಕೆಂಪೇ ಆಗ್ತು."

ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ ಚೊಗರು. ಅದನ್ನು ಯಾರೂ ಚೆಲ್ಲುವುದಿಲ್ಲ, ಮುಂದಿನ ಅಡಿಕೆಗೆ ಬಣ್ಣ ಬರಲೆಂದು ಕಾದಿಟ್ಟು ಮತ್ತೆ ಅದೇ ಹಂಡೆಗೆ ಹಾಕುತ್ತಾರೆ. ವರ್ಷಾನುಗಟ್ಟಲೆ ಹಾಗೆ ಮಾಡಿ ಹಂಡೆಯ ಒಳಮೈಗೆ ಅದು ಹೆಪ್ಪುಗಟ್ಟಿ ಕುಳಿತಿರುತ್ತದೆ. ಅಡಿಕೆ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು, ನನಗೂ ಗೊತ್ತಿತ್ತು. ಏನೂ ಹಾಕದ ಬರಿ ನೀರನ್ನು ಮೊದಲು ಪರೀಕ್ಷೆ ಮಾಡಿ, ಆಮೇಲೆ ಉಳಿದದ್ದು ಎಂದು ಮೂರು ದಶಕ ಮಕ್ಕಳಿಗೆ ಹೇಳಿದವಳು ನಾನು. ಮಾಡದೆ ಬಂದವರನ್ನು ಪ್ರಯೋಗಾಲಯದಿಂದ ಹೊರಗೆ ನಿಲ್ಲಿಸಿದವಳೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಮಕ್ಕಳಲ್ಲಿ ಒಬ್ಬರೂ ಅವತ್ತು ಅಲ್ಲಿರಲಿಲ್ಲ, ಅದು ನನ್ನ ಪುಣ್ಯ.

ಎಸೆದ ಪಟ್ಟಿಗಳನ್ನು ಹುಡುಕಲು ನಾನು ಹೊಟ್ಟಿನ ಗುಡ್ಡೆಗೆ ಕೈ ಹಾಕಿದೆ. ಅಣ್ಣ ಕರೆದ.

"ಅಲ್ಲಿಲ್ಲ. ಬಾ ಇಲ್ಲಿ."

ಪ್ರೆಸ್ಸಿನ ಹಿಂದಿನ ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ನಾನು ಎಸೆದ ಅಷ್ಟೂ ಪಟ್ಟಿಗಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ, ಅವನ ಓರೆ ಅಕ್ಷರದಲ್ಲಿ, ಎಷ್ಟನೆಯ ಪಾಕ ಎಂದು ಬರೆದಿತ್ತು.

"ಯಾಕೆ ಇಟ್ಕಂಡಿದ್ದೆ?"

"ಮರ ಅಲ್ವಾ, ಎಸೆಯೋಕೆ ಮನಸ್ಸು ಬರ್ಲಿಲ್ಲ. ನೀನೂ ಸಿಟ್ಟಲ್ಲಿದ್ದೆ."

ಚಾಕು ಹಾಕಿ ಮೀಟಿದೆವು. ನಾನು ಎಲ್ಲಕ್ಕಿಂತ ಮೊದಲು ಎಸೆದಿದ್ದ ಪಟ್ಟಿಯಲ್ಲೇ ಮರ ನಾರು ನಾರಾಗಿ ಹರಿಯಿತು, ಅಂಟು ಜಪ್ಪಯ್ಯ ಎಂದರೂ ಬಿಡಲಿಲ್ಲ. ಆಮೇಲೆ ನಾನು ತಿದ್ದಿ ತೀಡಿ ಮಾಡಿದವುಗಳಲ್ಲಿ ಕೆಲವು ಅದಕ್ಕಿಂತ ಕೆಟ್ಟದಾಗಿದ್ದವು. ಅಣ್ಣ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಹಂಗಾರೆ ಆ ಪಾಕಾನೇ ಮಾಡಾಣ" ಎಂದು ಹೇಳಿ ಹೊಟ್ಟು ಜರಡಿ ಹಿಡಿಯಲು ಹೋದ. ಅವನು ನನ್ನ ಅಣ್ಣನಾಗಿ ಹುಟ್ಟಿದ್ದು ನಾನು ಗಳಿಸಿದ್ದಲ್ಲ, ಸುಮ್ಮನೆ ಸಿಕ್ಕಿದ್ದು. ಅವತ್ತು ಇದನ್ನು ಅವನಿಗೆ ಹೇಳಬೇಕೆನ್ನಿಸಿತು, ಗವಸು ಹಾಕಿಕೋ ಎಂದು ಹೇಳಿದೆ.

ಬಾಗಿಲು ಮಳೆ ಹಿಡಿಯುವ ಮೊದಲೇ ಸಿದ್ಧವಾಯಿತು. ಇಡೀ ಪ್ಲೈವುಡ್ಡಿನ ಗಟ್ಟಿ ಬಾಗಿಲು. ಅಣ್ಣ ಅದಕ್ಕೆ ಮೂರು ದಿನ ಉಜ್ಜುಕಾಗದ ಹಿಡಿದ, ಅಂಚುಗಳಿಗೆಲ್ಲ ನೀರು ಹೊಗದಂತೆ ಬಣ್ಣ ಬಳಿದ. ಅಷ್ಟು ನಯ ಬಚ್ಚಲ ಬಾಗಿಲಿಗೆ ಬೇಕಿರಲಿಲ್ಲ. ಬೇಡ ಎಂದರೆ ಕೇಳುವವನಲ್ಲ. ಪಿಕಪ್ಪಿನಲ್ಲಿ ಹಾಕಿಕೊಂಡು, ಹೊಸನಗರದ ಮೇಲೆ ಹಾದು, ಕವಲೇದುರ್ಗದ ಬುಡಕ್ಕೆ ಹೋದೆವು. ಅಮ್ಮ ಬಾಗಿಲನ್ನು ಒಂದು ಸಲ ಸವರಿ ನೋಡಿ, ಹಬೆ ಹೋಗಲು ಮೇಲೊಂದು ಚೌಕ ಕಿಂಡಿ ಬೇಕು ಎಂದರು. ಅಣ್ಣ ಅಲ್ಲೇ ಅಂಗಳದಲ್ಲಿ ಕಿಂಡಿ ಕೊಯ್ದು, ಕಿಂಡಿಯ ಅಂಚಿಗೂ ಬಣ್ಣ ಹಚ್ಚಿದ. ಕೊಯ್ದ ಚೌಕ ತುಂಡನ್ನು ಪಿಕಪ್ಪಿಗೆ ಹಾಕಲು ಹೋದರೆ ಅಮ್ಮ ತಡೆದರು.

"ಅದು ಇಲ್ಲೇ ಇರ್ಲಿ ಮಾರಾಯ. ಏನಕ್ಕಾದ್ರೂ ಆಗ್ತದೆ."

ಬಣ್ಣ ಒಣಗಬೇಕಿತ್ತು, ಮಗ ಸಂಜೆ ಕೂರಿಸುತ್ತಾನೆ ಎಂದರು. ಬಾಗಿಲನ್ನು ಗೋಡೆಗೆ ಒರಗಿಸಿ, ಊಟ ಮಾಡಿ ಬಂದೆವು.

ಆ ವರ್ಷ ಮಳೆ ಕಡಿಮೆ ಬಂದಿದ್ದರೆ ನಾನು ಯಾರಿಗೂ ಹೇಳದೆ ಸಂತೋಷಪಡುತ್ತಿದ್ದೆ. ಕಡಿಮೆ ಬರಲಿಲ್ಲ. ಆರಿದ್ರೆ, ಪುನರ್ವಸು, ಪುಷ್ಯ, ಒಂದರ ಹಿಂದೊಂದು ಸುರಿದವು. ಫೋನು ಮಾಡಿ ಕೇಳೋಣ ಎಂದು ನಾನು ಹತ್ತು ಸಲ ಹೇಳಿದೆ. ಅಣ್ಣ ಒಪ್ಪಲಿಲ್ಲ. "ಹಗ್ಗ ಕಟ್ಟಿದ್ರೂ ಚೆನ್ನಾಗದೆ ಅಂತ್ಲೇ ಹೇಳ್ತಾರೆ ಅವ್ರು. ನೋಡಿಯೇ ತಿಳಿಬೇಕು" ಎಂದ. ಶೆಡ್ಡಿನಲ್ಲಿ ಹೊಸ ಅಂಟಿನ ಬಾಗಿಲು ಮತ್ತೊಂದು ಮಾಡಲಿಲ್ಲ. ಕೇಳಿದವರಿಗೆಲ್ಲ ದೀಪಾವಳಿ ಕಳೆಯಲಿ ಎನ್ನುತ್ತಿದ್ದ. ಕೆಲಸದವರು ಬೇರೆ ಕೆಲಸ ಹುಡುಕತೊಡಗಿದ್ದರು.

ಮಳೆ ಬಿಟ್ಟು, ಭೂಮಿ ಹುಣ್ಣಿಮೆಯ ಗದ್ದೆಪೂಜೆ ಕಳೆದು ಮೂರನೆಯ ದಿನ ಹೊರಟೆವು. ದಾರಿಯುದ್ದಕ್ಕೂ ನಾನು ಅವನನ್ನು ಒಂದು ಸಲವೂ ಬೈಯಲಿಲ್ಲ, ಅದು ನನಗೆ ಎಷ್ಟು ಕಷ್ಟವೆಂದು ಬಲ್ಲವರು ಬಲ್ಲರು.

ಅಂಗಳದಲ್ಲಿ ಕಾಲಿಟ್ಟವನೇ ಅಣ್ಣ ಮನೆಯ ಹಿಂದಕ್ಕೆ ನಡೆದ. ನಾನೂ ಹಿಂದೆಯೇ ಹೋದೆ. ಬಚ್ಚಲಿಗೆ ಹಳೆಯ ಬಾಗಿಲೇ ಇತ್ತು. ಅದೇ ಈರುಳ್ಳಿ ಸಿಪ್ಪೆ. ಹಗ್ಗ ಮಾತ್ರ ಹೊಸದು.

"ಅಮ್ಮ, ನಮ್ಮ ಬಾಗ್ಲು?" ನಮ್ಮ ಹಿಂದೆಯೇ ಬಂದಿದ್ದ ಅಮ್ಮನನ್ನು ಅಣ್ಣ ಕೇಳಿದ.

"ಬಾ, ತೋರಿಸ್ತೀನಿ" ಎಂದು ಅಮ್ಮ ಸಂಭ್ರಮದಿಂದ ಒಳಗೆ ಕರೆದುಕೊಂಡು ಹೋದರು. ಬಾಗಿಲು ದೇವರ ಕೋಣೆಗೆ ಕೂತಿತ್ತು. ಅರಿಶಿನ ಕುಂಕುಮ ಹಚ್ಚಿದ್ದರು. ಹಬೆಗೆಂದು ಕೊಯ್ದ ಚೌಕ ಕಿಂಡಿಯಾಚೆ ದೀಪ ಉರಿಯುತ್ತಿತ್ತು. "ಇಷ್ಟು ಚಂದದ ಬಾಗ್ಲನ್ನ ಬಚ್ಚಲಿಗೆ ಹಾಕೋಕೆ ಮನಸ್ಸು ಬರ್ತದಾ? ಕಿಂಡೀಲಿ ನೋಡು, ಅಡಿಗೆಮನೆಯಿಂದ್ಲೂ ದೀಪ ಕಾಣ್ತದೆ."

ಒಂದು ಹನಿ ನೀರು ಅದಕ್ಕೆ ತಾಗಿರಲಿಲ್ಲ. ಮಳೆಗಾಲವಿಡೀ ನಾವು ಉಸಿರು ಬಿಗಿಹಿಡಿದು ಕಾದದ್ದು ದೀಪದ ಮುಂದೆ ಬೆಚ್ಚಗೆ ನಿಂತಿದ್ದ ಬಾಗಿಲಿಗೆ. ಅಮ್ಮ ಅಷ್ಟು ಪ್ರೀತಿಯಿಂದ ಮಾಡಿದ ಕೆಲಸದ ಮೇಲೆ ನಾನು ಅಷ್ಟು ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು. ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನನ್ನ ಮೊಣಕೈ ಹಿಡಿದ. "ಚೆನ್ನಾಗದೆ ಅಮ್ಮ" ಎಂದ. ದೀಪಾವಳಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಕೊಟ್ಟ ಮಾತಿಗೆ ಇನ್ನೊಂದು ಮಳೆಗಾಲ ಸೇರಿಸಿ ಕೇಳುವವನಲ್ಲ ಅವನು. ನಿಂತ ಬಾಗಿಲು ತೋರಿಸಲು ಆಗದಿದ್ದರೆ ಪ್ರೆಸ್ಸು ಹೋದ ಹಾಗೆಯೇ.

"ಕೈಕಾಲು ತೊಳ್ಕಂಡು ಬಾ, ಕಾಫಿ ಆಗ್ತದೆ" ಎಂದರು ಅಮ್ಮ. ಅಣ್ಣ ಬಚ್ಚಲಿಗೆ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಕುದಿಯುವ ಹಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕೈಯಲ್ಲಿ ಹಂಡೆಯ ಮುಚ್ಚಳ ಇತ್ತು. ಚೌಕ ಮುಚ್ಚಳ. ಮೇಲೆ ಮಸಿ, ಕೆಳಗೆ ಹಬೆಗೆ ತೊಯ್ದು ಕಪ್ಪಾದ ಮರ, ಬಣ್ಣ ಕಾಣದ ಬೋಳು ಅಂಚು.

ಕಿಂಡಿಯ ತುಂಡು.

ಅಣ್ಣ ಜೇಬಿನಿಂದ ಚಾಕು ತೆಗೆದ. ಅಂಚಿನ ಪದರಗಳ ನಡುವೆ ಮೊನೆ ಹೊಗಿಸಿ ಮೀಟಿದ. ಚಾಕು ಹೊಗಲು ತಡೆಯಿತು, ಆಮೇಲೆ ಮರ ನಾರು ನಾರಾಗಿ ಹರಿಯಿತು. ಅಂಟು ಬಿಡಲಿಲ್ಲ. ಮಗ್ಗುಲು ತಿರುಗಿಸಿ ಮೀಟಿದ, ಅಲ್ಲೂ ಅದೇ. ನಾಲ್ಕನೆಯ ಅಂಚಿಗೆ ಬರುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಎಂಥ ಮಾಡ್ತಿದೀಯ ಮಾರಾಯ? ನನ್ನ ಮುಚ್ಚಳ ಯಾಕೆ ಕೆತ್ತೋದು?"

"ಇದು ಯಾವಾಗಿಂದ ಇಲ್ಲಿ ಅದೆ ಅಮ್ಮ?"

"ನೀ ಬಿಟ್ಟು ಹೋದ ಮಾರನೇ ದಿನದಿಂದ. ತಗಡಿನ ಮುಚ್ಚಳ ತೂತು ಬಿದ್ದಿತ್ತು. ಮಳೆಗಾಲ ಪೂರಾ ಒಲೆ ಆರಿದ್ದೇ ಇಲ್ಲ, ಬಟ್ಟೆ ಒಣಗ್ಸೋದೂ ಇಲ್ಲೇ ಅಲ್ವಾ. ಒಳ್ಳೆ ಮುಚ್ಚಳ."

ಹಗಲೂ ರಾತ್ರಿ, ತಿಂಗಳುಗಟ್ಟಲೆ, ಕುದಿಯುವ ನೀರಿನ ನೇರ ಮೇಲೆ. ಬಾಗಿಲಿಗೆ ಬೀಳುವ ಇರಚಲು ಇದರ ಮುಂದೆ ಏನೂ ಅಲ್ಲ. ನಾನು ಹಂಡೆ ಹಿಡಿದು ಮಾಡಿದ ಪರೀಕ್ಷೆಗಳೆಲ್ಲ ಸೇರಿದರೂ ಇದಕ್ಕೆ ಸಮ ಬರುವುದಿಲ್ಲ. ಅಣ್ಣ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಟವಲಿನಿಂದ ಕಣ್ಣೊರೆಸಿಕೊಂಡ. ಹೊಗೆ ಎಂದ. ಒಲೆಯಲ್ಲಿ ಕೆಂಡ ಬಿಟ್ಟರೆ ಹೊಗೆ ಇರಲಿಲ್ಲ. ನಾನೂ ಸೆರಗಿನಿಂದ ಒರೆಸಿಕೊಂಡೆ, ಹೊಗೆಯ ನೆಪ ಹೇಳಲಿಲ್ಲ.

"ಇದನ್ನ ನಂಗೆ ಕೊಡ್ತೀರಾ ಅಮ್ಮ? ಬೇರೆ ಮಾಡಿ ತಂದ್ಕೊಡ್ತೀನಿ."

"ಬೇರೆದು ಬಂದ ಮೇಲೆ ನೋಡಾಣ. ಸಂಜೆಗೆ ನೀರು ಕಾಯ್ಸೋದು ಬ್ಯಾಡ್ವಾ?" ಎಂದು ಅಮ್ಮ ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಹಂಡೆಯ ಮೇಲಿಟ್ಟರು.

ಅಣ್ಣ ಎದ್ದು ಹಳೆಯ ಬಾಗಿಲಿನ ಹಗ್ಗ ಬಿಚ್ಚಿದ. ಬಚ್ಚಲ ಚೌಕಟ್ಟಿನ ಅಳತೆ ತೆಗೆದು ಅಂಗೈ ಮೇಲೆ ಬರೆದುಕೊಂಡ. ಆಮೇಲೆ ಅವನಿಗೆ ಹೊಳೆಯಿತು, ಹೊಸದು ಬರುವ ತನಕ ಇವರ ಬಚ್ಚಲಿಗೆ ಬಾಗಿಲಿಲ್ಲ. ಬಿಚ್ಚಿದ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ.

"ನಾಲ್ಕೇ ದಿನ ಅಮ್ಮ. ನಾಲ್ಕು ದಿನಕ್ಕೆ ತರ್ತೀನಿ. ಅದನ್ನ ಮಾತ್ರ ದೇವ್ರಿಗೆ ಹಾಕ್ಬೇಡಿ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಕರಾವಳಿಯೋರಿಗೆ ಇವತ್ತೇ ಹೇಳ್ಬಿಡಾಣ, ಪ್ರೆಸ್ ಕೊಡಲ್ಲ ಅಂತ. ಪಾಪ, ಸುಮ್ನೆ ಕಾಯ್ತಿರ್ತಾರೆ" ಎಂದ.

ವರ್ಷವಿಡೀ ಅವನ ನಿದ್ದೆ ಕೆಡಿಸಿದ ಆ ಬಾಗಿಲಿಗೆ ಅವನೇ ಮೂರು ಸುತ್ತು ಹಗ್ಗ ಸುತ್ತಿದ. ಬಿಗಿಯಾಗಿ ಎಳೆಯಬೇಕಿತ್ತು. ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.